ಎರಡು ಸಹಿಗಳ ಮನುಷ್ಯ

2004ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಇಂದುಮತಿ ತನ್ನ ಮೇಜಿನ ಮೇಲೆ ಎರಡು ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ, ಚಹಾ ತಣ್ಣಗಾದದ್ದೂ ತಿಳಿಯದೆ ಅದನ್ನೇ ಕುಡಿದಳು. ಎರಡರ ಮೇಲೂ ಒಂದೇ ಹೆಸರು: ವೀರಭದ್ರ ಕೊಪ್ಪದ, ವಯಸ್ಸು ನಲವತ್ತೆಂಟು, ಮನೆ ಕಾಳಿಘಾಟ್. ಆದರೆ ಎರಡನ್ನೂ ಬರೆದವನು ಒಬ್ಬನೇ ಮನುಷ್ಯ ಎಂದು ಯಾರು ಆಣೆ ಮಾಡಿ ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ.

ಕಲ್ಕತ್ತೆಯ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಆಗ ಒಂದರ ಹಿಂದೊಂದು ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವುಗಳ ಒಳಗೆ ಕೂರಿಸಲು ಜನ ಬೇಕು, ಕೂರಿಸುವ ಮುಂಚೆ ಅವರ ಸ್ವಭಾವ ಎಂಥದೆಂದು ತಿಳಿಯಬೇಕು. ಅದನ್ನು ತಿಳಿದು ಹೇಳಲೆಂದೇ ಹುಟ್ಟಿಕೊಂಡ ಸಣ್ಣ ಸಂಸ್ಥೆಯೊಂದರಲ್ಲಿ ಇಂದುಮತಿಗೆ ನೌಕರಿ. ಒಂದು ಸಾಫ್ಟ್‌ವೇರ್ ಕಂಪನಿ ತನ್ನ ಹೊಸ ಕೇಂದ್ರದ ಮೇಲ್ವಿಚಾರಣೆಗೆ ಸ್ವಯಂನಿವೃತ್ತಿ ಪಡೆದ ಸರ್ಕಾರಿ ನೌಕರರನ್ನು ತೆಗೆದುಕೊಳ್ಳಲು ಮನಸ್ಸು ಮಾಡಿತ್ತು. ಅದಕ್ಕಾಗಿ ನೂರಿಪ್ಪತ್ತು ಪ್ರಶ್ನೆಗಳ ಒಂದು ಪತ್ರಿಕೆ ಸಿದ್ಧವಾಗಿತ್ತು. ಅದರ ಹಿಂದಿ ಅನುವಾದವೂ ಸರಿಯಾಗಿದೆಯೇ ಎಂದು ನೋಡಲು ಪ್ರತಿಯೊಬ್ಬರಿಂದಲೂ ಎರಡು ಸಲ ಬರೆಸಿದ್ದರು, ಜುಲೈನಲ್ಲಿ ಇಂಗ್ಲಿಷಿನಲ್ಲಿ, ಮೂರು ವಾರ ಬಿಟ್ಟು ಹಿಂದಿಯಲ್ಲಿ. ಮಿಕ್ಕವರ ಉತ್ತರಗಳೆಲ್ಲ ಹೆಚ್ಚುಕಡಿಮೆ ತಾಳೆಯಾಗಿದ್ದವು. ವೀರಭದ್ರನದೊಂದು ಮಾತ್ರ ಆಗಿರಲಿಲ್ಲ.

ಸಾಲಿನಲ್ಲಿ ಯಾರಾದರೂ ನಿಮ್ಮನ್ನು ದಾಟಿ ಮುಂದೆ ನುಗ್ಗಿದರೆ ಏನು ಮಾಡುತ್ತೀರಿ? ಇಂಗ್ಲಿಷಿನ ವೀರಭದ್ರ ಸುಮ್ಮನಿರುತ್ತಾನೆ. ಹಿಂದಿಯ ವೀರಭದ್ರ ಅವನನ್ನು ಹಿಡಿದು ಹಿಂದಕ್ಕೆ ನಿಲ್ಲಿಸುತ್ತಾನೆ. ಮೇಲಧಿಕಾರಿ ತಪ್ಪು ಹೇಳಿದರೆ? ಇಂಗ್ಲಿಷಿನವನು ಒಪ್ಪಿಕೊಳ್ಳುತ್ತಾನೆ, ಹಿಂದಿಯವನು ಅಲ್ಲೇ ಎದುರಾಡುತ್ತಾನೆ. ಒಬ್ಬ ಹಸುವಿನಂಥವನು, ಇನ್ನೊಬ್ಬ ಹೋರಿ. ಸಹಿಗಳೂ ಬೇರೆ. ಒಂದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂತೆ ಬಾಗಿದ ಸಣ್ಣ ಅಕ್ಷರ. ಇನ್ನೊಂದು ದೇವನಾಗರಿಯಲ್ಲಿ, ಕೊಟ್ಟ ಚೌಕವನ್ನೂ ಮೀರಿ ಹೊರಚಾಚಿದ ದಪ್ಪಕ್ಷರ.

"ಯಾರನ್ನೋ ಕೂರಿಸಿ ಬರೆಸಿದ್ದಾನೆ," ಎಂದಳು ಇಂದುಮತಿ ತನ್ನ ಮೇಲಧಿಕಾರಿ ಸಾನ್ಯಾಲರಿಗೆ.

ಸಾನ್ಯಾಲ್ ಕನ್ನಡಕ ಮೇಲಕ್ಕೇರಿಸಿ, "ನಿಮ್ಮವನೇ ಅಲ್ಲವೇ? ನೀವೇ ವಿಚಾರಿಸಿ ವರದಿ ಕೊಡಿ," ಎಂದರು.

ನಿಮ್ಮವನು ಎಂದ ಮಾತು ಅವಳಿಗೆ ಚುಚ್ಚಿತು. ಅವಳ ತಂದೆ ಮೈಸೂರಿನ ಕಡೆಯಿಂದ ರೈಲ್ವೆ ನೌಕರಿಗೆ ಬಂದವರು. ಅವಳು ಬೆಳೆದದ್ದೆಲ್ಲ ಕಲ್ಕತ್ತೆಯಲ್ಲೇ. ಹಿಂದಿನ ವರ್ಷ ಬೇರೆಯವರ ಹೆಸರಿನಲ್ಲಿ ಪರೀಕ್ಷೆಗೆ ಕೂತಿದ್ದ ಇಬ್ಬರನ್ನು ಹಿಡಿದುಕೊಟ್ಟು ಅವಳು ಕಚೇರಿಯಲ್ಲಿ ಹೆಸರು ಮಾಡಿದ್ದಳು. ಅಂದಿನಿಂದ ಯಾವ ಅರ್ಜಿಯನ್ನು ನೋಡಿದರೂ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಮೋಸವೇ. ಈ ಅಭ್ಯಾಸ ಮನೆಗೂ ಬಂದಿತ್ತು. "ನನ್ನ ಹತ್ರ ಇನ್‌ಸ್ಪೆಕ್ಟರ್ ಥರ ಮಾತಾಡ್ತೀಯ ಕಣೇ," ಎಂದು ತಾಯಿ ದೂರುತ್ತಿದ್ದರು. "ಅದೇ ಆ ಬಂಗಾಳಿ ಗೆಳತಿ ಫೋನು ಬಂದ್ರೆ ಅದ್ಯಾವ ಜೇನು ಸುರಿಯುತ್ತೋ ಬಾಯಿಂದ!" ಇಂದುಮತಿ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೊದಲು ಅವಳು ಹೋದದ್ದು ವೀರಭದ್ರ ಇಪ್ಪತ್ತೆರಡು ವರ್ಷ ದುಡಿದ ಸರ್ಕಾರಿ ಕಾರ್ಖಾನೆಗೆ. ಸರಕು ರವಾನೆ ವಿಭಾಗದ ಹಳೆಯ ಮ್ಯಾನೇಜರು ಫೋಟೋ ನೋಡಿ ತಲೆಯಾಡಿಸಿದರು. "ಇವನೇ. ಅವನ ದನಿ ಎಂಥದೆಂದು ಕೇಳಿದರೆ ಹೇಳಲಾರೆ. ಯೆಸ್ ಸರ್, ಸಾರಿ ಸರ್, ಇಷ್ಟೇ. ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ."

ಸರಿ, ಇಂಗ್ಲಿಷಿನಲ್ಲಿ ಬರೆದವನು ನಿಜವಾದ ವೀರಭದ್ರ ಎಂದು ಇಂದುಮತಿ ಗುರುತು ಹಾಕಿಕೊಂಡಳು. ಹಾಗಾದರೆ ಹಿಂದಿಯಲ್ಲಿ ಬರೆದವನು ಯಾರು?

ಮಾರನೆಯ ದಿನ ವೀರಭದ್ರ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಅವಳು ಕಾಳಿಘಾಟಿನ ಆ ಓಣಿಗೆ ಹೋದಳು. ಹೂವಿನ ಅಂಗಡಿಗಳನ್ನು ದಾಟಿ, ಟ್ರಾಮ್ ರಸ್ತೆಯಿಂದ ಒಳಕ್ಕೆ ಎರಡನೆಯ ತಿರುವು, ಮೊದಲ ಮಹಡಿ. ಬಾಗಿಲು ತೆಗೆದವಳು ಆತನ ಹೆಂಡತಿ ಸುಭದ್ರಾ. ಕನ್ನಡ ಕೇಳಿದ್ದೇ ಆಕೆಯ ಮುಖ ಅರಳಿತು. ಲೇಕ್ ಮಾರ್ಕೆಟಿನಿಂದ ಆಗಷ್ಟೇ ತಂದಿದ್ದ ಜೋಳದ ಹಿಟ್ಟಿನ ಚೀಲವನ್ನು ಸರಿಸಿ ಚಾಪೆ ಹಾಸಿದಳು.

"ನೌಕರಿ ವಿಚಾರ ಏನ್ರಿ? ಕುಂದರ್ರಿ, ಕುಂದರ್ರಿ. ಮನ್ಯಾಗ ಹೆಂಗ ಅದಾರ ಅಂತ ಕೇಳ್ತೀರೇನು? ಏನ್ ಹೇಳ್ಲಿ! ಮಾತss ಇಲ್ರಿ. ಊಟಕ್ಕ ಬರ್ರಿ ಅಂದ್ರ ಬರ್ತಾರ, ಬ್ಯಾಡ ಅಂದ್ರ ಹೋಗ್ತಾರ. ಇಪ್ಪತ್ತ ವರ್ಷದಾಗ ಜೋರಾಗಿ ನಕ್ಕಿದ್ದು ನಾ ಕಂಡಿಲ್ಲ."

"ಸಿಟ್ಟು ಬರುತ್ತಾ ಅವರಿಗೆ? ಜಗಳ ಆಡ್ತಾರಾ?"

"ಸಿಟ್ಟು ಬಂದ್ರ ಛಲೋ ಇತ್ತು ನೋಡ್ರಿ. ಸಿಟ್ಟೂ ಇಲ್ಲ, ಸೆಡವೂ ಇಲ್ಲ."

"ಸಂಜೆ ಹೊತ್ತು ಎಲ್ಲಿರ್ತಾರೆ?"

"ಓಣಿ ತುದಿಗೆ ಒಂದು ಕ್ಲಬ್ ಐತಲ್ಲ, ಅಲ್ಲಿ. ಪೇಪರ್ ಓದಾಕ ಹೋಗ್ತೀನಿ ಅಂತಾರ."

ಇಂದುಮತಿ ಇಳಿದು ನೇರ ಆ ಕ್ಲಬ್ಬಿಗೆ ನಡೆದಳು. ಒಂದೇ ಕೋಣೆ, ಮಧ್ಯೆ ಕೇರಂ ಹಲಗೆ, ಗೋಡೆಯ ಮೇಲೆ ಫುಟ್‌ಬಾಲ್ ತಂಡಗಳ ಹಳೆಯ ಚಿತ್ರಗಳು. ಕಾರ್ಯದರ್ಶಿ ಶಿಬನಾಥ್ ಬಾಬು ಫೋಟೋ ಕೈಗೆ ತೆಗೆದುಕೊಂಡವರೇ ನಕ್ಕುಬಿಟ್ಟರು. "ಅರೆ, ನಮ್ಮ ಭೊದ್ರೊದಾ!"

ವೀರಭದ್ರನ ಭದ್ರ ಬಂಗಾಳಿಗಳ ಬಾಯಲ್ಲಿ ಭೊದ್ರೊ ಆಗಿ, ಅಣ್ಣನೆಂಬ ದಾ ಸೇರಿಕೊಂಡಿತ್ತು. ಆಮೇಲೆ ಶಿಬನಾಥ್ ಬಾಬು ಬಂಗಾಳಿಯಲ್ಲಿ ಹೇಳಿದ್ದನ್ನೆಲ್ಲ ಕೇಳುತ್ತ ಇಂದುಮತಿಯ ಬೆನ್ನು ನೆಟ್ಟಗಾಯಿತು. ಓಣಿಯ ದುರ್ಗಾಪೂಜೆಯಲ್ಲಿ ಅಷ್ಟಮಿಯ ದಿನ ಮೈಕು ಹಿಡಿಯುವುದು ಭೊದ್ರೊದಾ. ಆಟ ಸೋತರೆ ಕಣ್ಣೀರು ಹಾಕುವುದು, ಗೆದ್ದರೆ ಮೇಜು ಹತ್ತಿ ಕುಣಿಯುವುದು ಭೊದ್ರೊದಾ. ಆತ ಪಕ್ಕದ ಓಣಿಯ ಡಾಕ್ಟರರ ಕೆಮ್ಮನ್ನು ಅನುಕರಿಸಿದರೆ ಖುದ್ದು ಡಾಕ್ಟರರೇ ನಕ್ಕು ಸುಸ್ತಾಗುತ್ತಾರೆ.

ಇದು ಮೂರನೆಯವನು! ಇಂದುಮತಿಗೆ ತಡೆದುಕೊಳ್ಳಲಾಗಲಿಲ್ಲ. "ಈ ಫೋಟೋದವರೇ ಅಂತ ನಿಮಗೆ ಖಾತ್ರಿಯೇ? ಯಾಕೆಂದರೆ ಇವರ ಹೆಸರಿನಲ್ಲಿ ಬೇರೆ ಯಾರೋ ಓಡಾಡುತ್ತಿದ್ದಾರೆ ಅನ್ನುವ ಅನುಮಾನ ಇದೆ. ಕಚೇರಿಯಲ್ಲಿ, ಮನೆಯಲ್ಲಿ ಹೇಳುವುದೇ ಒಂದು, ನೀವು ಹೇಳುವುದೇ ಒಂದು."

ಶಿಬನಾಥ್ ಬಾಬುವಿನ ನಗು ನಿಂತಿತು. ಕೇರಂ ಆಡುತ್ತಿದ್ದವರೂ ತಲೆಯೆತ್ತಿದರು. "ನೀವು ಪೊಲೀಸಿನವರೇ?" ಎಂದು ಒಬ್ಬರು ಕೇಳಿದರು. ಅಲ್ಲ ಎಂದು ಅವಳು ಹೇಳಿದಳು. ಆದರೆ ಹೇಳಿದ ರೀತಿಯಲ್ಲಿ ಯಾರಿಗೂ ನಂಬಿಕೆ ಬಂದಂತೆ ಕಾಣಲಿಲ್ಲ. ಬಸ್ಸಿನಲ್ಲಿ ಮರಳುವಾಗ ಅವಳಿಗೆ ಬೇಟೆ ಹತ್ತಿರವಾದ ಹುರುಪು. ಆ ಓಣಿಯಲ್ಲಿ ತಾನು ಏನು ಬಿಟ್ಟುಬಂದೆ ಎಂಬುದು ಅವಳ ತಲೆಗೆ ಬರಲಿಲ್ಲ.

ಹತ್ತು ದಿನ ಕಳೆಯಿತು. ವರದಿಯನ್ನು ಅವಳು ಅರ್ಧ ಬರೆದಿದ್ದಳು. ಆಗ ಒಂದು ಬೆಳಿಗ್ಗೆ ವೀರಭದ್ರನೇ ಕಚೇರಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಣ್ಣೆ ಹಾಕಿ ಬಾಚಿದ ಕೂದಲು. ಬಾಗಿಲ ಹೊರಗೇ ಚಪ್ಪಲಿ ಬಿಡಲು ಹೋಗಿ, ಕಾರ್ಪೆಟ್ ನೋಡಿ ತಡೆದುಕೊಂಡು ಒಳಗೆ ಬಂದು ಕೈಕಟ್ಟಿ ನಿಂತ.

"ರೆಸ್ಪೆಕ್ಟೆಡ್ ಮೇಡಮ್, ಐ ಬೆಗ್ ಟು ಸ್ಟೇಟ್ ದಟ್..." ಎಂದು ಆರಂಭಿಸಿ, ರಜೆ ಅರ್ಜಿ ಓದಿದ ಹಾಗೆ ಮುಂದುವರಿಸಿದ. ಮ್ಯಾನೇಜರು ಹೇಳಿದ್ದ ದನಿ ಇದೇ ಇರಬೇಕು, ಇದೆ ಎಂದರೂ ಇಲ್ಲ ಎಂದರೂ ನಡೆಯುವಂಥದ್ದು. ಕುರ್ಚಿ ತೋರಿಸಿದರೂ ಆತ ಕೂರಲಿಲ್ಲ.

"ಕನ್ನಡದಲ್ಲೇ ಹೇಳಿ," ಎಂದಳು ಇಂದುಮತಿ.

ಆತ ಬಾಯಿ ತೆರೆದು ಮತ್ತೆ ಮುಚ್ಚಿದ. ಕೊನೆಗೆ, "ತಂಗಿ, ನಾ ಏನ್ ತಪ್ಪ ಮಾಡೇನಿ?" ಎಂದ. ಅಷ್ಟು ಹೇಳುವುದರೊಳಗೆ ಹಣೆಯಲ್ಲಿ ಬೆವರು.

"ನೀವು ಮಾಡಿದ್ದೀರಿ ಅಂತ ನಾನು ಹೇಳಿಲ್ಲ. ಎರಡು ಪತ್ರಿಕೆಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಯಾರು ಬರೆದುಕೊಟ್ಟರು?"

"ನಾನss ಬರದೀನಿ." ಆಮೇಲೆ, ಗೋಡೆಗೆ ಹೇಳಿದಂತೆ ನುಡಿದ. "ಕ್ಲಬ್ಬಿನಾಗ ಈ ಸಲ ಮೈಕ್ ಬ್ಯಾರೇವ್ರಿಗೆ ಕೊಟ್ಟಾರ. ಪೊಲೀಸ್ ಬಂದಿದ್ರು ಅಂತ ಓಣಿ ತುಂಬ ಸುದ್ದಿ. ಇಷ್ಟ ವರ್ಷ ಕೂಡಿ ಕುಂತವ್ರು, ನಾ ಒಳಗ ಹೋದ್ರ ಮಾತ ನಿಲ್ಲಸ್ತಾರ. ಮನ್ಯಾಗ..." ಮನೆಯ ಮಾತು ಬಂದಲ್ಲಿಗೆ ಆತನ ದನಿ ಪೂರ್ತಿ ಅಡಗಿತು.

ಇಂದುಮತಿಗೆ ಮೊದಲ ಸಲ ಕಸಿವಿಸಿಯಾಯಿತು. ಆದರೂ ಒಳಗಿನ ಸಂಶಯ ಬಿಡಲಿಲ್ಲ. ಅಳುಬುರುಕರೇ ಹೆಚ್ಚು ಮೋಸ ಮಾಡುತ್ತಾರೆಂದು ಅನುಭವ ಹೇಳುತ್ತಿತ್ತು. ಅವಳು ಕಪಾಟಿನಿಂದ ಖಾಲಿ ಹಿಂದಿ ಪತ್ರಿಕೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ನನ್ನ ಎದುರಿಗೇ ಬರೀರಿ." ಆಮೇಲೆ, ಏನು ತೋಚಿತೋ, ಸೂಚನೆಗಳನ್ನು ಹಿಂದಿಯಲ್ಲೇ ಓದಿ ಹೇಳಿದಳು.

ಆಗ ನಡೆದದ್ದನ್ನು ಅವಳು ಕಣ್ಣಾರೆ ಕಂಡಳು. ಆತ ಹಿಂದಿಯಲ್ಲಿ "ಪೆನ್ನು ಕೊಡಿ" ಎಂದ, ಕೇಳುವ ದನಿಯಲ್ಲಲ್ಲ. ಕುರ್ಚಿಯನ್ನು ತಾನೇ ಎಳೆದುಕೊಂಡು ಕಾಲು ಅಗಲಿಸಿ ಕೂತ. ಶರ್ಟಿನ ತೋಳು ಮೇಲೇರಿತು. ಕಾಗದ ಹರಿಯುವಂತೆ ಒತ್ತಿ ಗುರುತು ಹಾಕುತ್ತ ಹೋದ. ನಲವತ್ತನೆಯ ಪ್ರಶ್ನೆಗೆ ಬಂದಾಗ, "ಇದನ್ನು ಬರೆದವನಿಗೆ ಬುದ್ಧಿ ಇಲ್ಲ," ಎಂದು ಜೋರಾಗಿ ಹಿಂದಿಯಲ್ಲೇ ಬೈದ. ಬಾಗಿಲಲ್ಲಿ ಹಾದುಹೋಗುತ್ತಿದ್ದ ಸಾನ್ಯಾಲ್ ತಿರುಗಿ ನೋಡಿದರು. ಮುಗಿಸಿ ಸಹಿ ಹಾಕಿದ, ಚೌಕ ಮೀರಿ ಹೊರಚಾಚಿದ ಅದೇ ದಪ್ಪಕ್ಷರ.

"ಹಿಂದಿ ಎಲ್ಲಿ ಕಲಿತಿರಿ?" ಎಂದು ಇಂದುಮತಿ ಕೇಳಿದಳು.

"ಲಾರಿ ಅಂಗಳದಲ್ಲಿ," ಎಂದ ಹಿಂದಿಯಲ್ಲೇ. "ಬಿಹಾರದ ಡ್ರೈವರುಗಳು. ದಿನಕ್ಕೆ ನಲವತ್ತು ಲಾರಿ ಹೊರಡಿಸಬೇಕು. ಅಲ್ಲಿ ಮೆತ್ತಗೆ ಮಾತಾಡಿದರೆ ಗೇಟಿನಿಂದ ಒಂದು ಲಾರಿಯೂ ಆಚೆ ಹೋಗುವುದಿಲ್ಲ. ಅಲ್ಲಿಂದ ಮೇಲೆ ಹೋಗಿ ಸಾಹೇಬರ ಮುಂದೆ ನಿಂತರೆ ಇಂಗ್ಲಿಷ್. ಅಲ್ಲಿ ಜೋರು ಮಾಡಿದರೆ ನೌಕರಿ ಇರುವುದಿಲ್ಲ. ಅದರಲ್ಲಿ ಮೋಸ ಏನು ಬಂತು?"

"ಬಂಗಾಳಿಯಲ್ಲಿ ನಗಿಸುತ್ತೀರಂತೆ."

ಆತನ ಮುಖದಲ್ಲಿ ಒಂದು ಕ್ಷಣ ಯಾವುದೋ ಬೆಳಕು ಬಂದು ಹೋಯಿತು. "ಬಂಗಾಳಿ ನನಗೆ ಯಾರೂ ಕಲಿಸಲಿಲ್ಲ. ಗೆಳೆಯರ ಜೊತೆ ಕೂತು ಬಂತು."

"ಕನ್ನಡದಲ್ಲಿ ಮಾತ್ರ ಯಾಕೆ ಸುಮ್ಮನಿರುತ್ತೀರಿ?" ಎಂದು ಅವಳು ಕನ್ನಡದಲ್ಲಿ ಕೇಳಿಬಿಟ್ಟಳು.

ಆತ ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡ. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿದ. "ಬರ್ತೀನಿ, ತಂಗಿ," ಎಂದು ಹೊರಟುಹೋದ.

ಮೂರು ಪತ್ರಿಕೆಗಳನ್ನೂ ಲಗತ್ತಿಸಿ ಇಂದುಮತಿ ವರದಿ ಬರೆದಳು: ಒಬ್ಬನೇ ವ್ಯಕ್ತಿ, ವಂಚನೆ ಇಲ್ಲ, ನಾನೇ ಎದುರಿಗೆ ಕೂತು ಪರೀಕ್ಷಿಸಿದ್ದೇನೆ. ಸಾನ್ಯಾಲ್ ಓದಿ ಸಹಿ ಮಾಡಿದರು. ಕಂಪನಿಯವರು ಮಾತ್ರ ಒಪ್ಪಲಿಲ್ಲ. ಸ್ವಭಾವ ಸ್ಥಿರವಾಗಿಲ್ಲ ಎಂದು ಒಂದೇ ಸಾಲಿನಲ್ಲಿ ಉತ್ತರ ಬಂತು. ಮೋಸಗಾರನಲ್ಲ ಎಂದು ತೋರಿಸಲು ಅವಳು ಒದಗಿಸಿದ ಪುರಾವೆಯೇ ಆತನ ಕೆಲಸ ಕಳೆಯಿತು. ಅಂದು ಸಂಜೆ ತಾಯಿ ಊಟಕ್ಕೆ ಕರೆದಾಗ ಅವಳು ಸಿಡುಕಿದಳು. ಆ ದನಿ ತನಗೇ ಅಪರಿಚಿತವೆನಿಸಿ, ಎದ್ದು ಊಟಕ್ಕೆ ಹೋದಳು.

ಕ್ಲಬ್ಬಿಗೆ ಹೋಗಿ ನಿಜ ಹೇಳಬೇಕು ಎಂದು ದಿನಾ ಅಂದುಕೊಂಡು ದಿನಾ ಮುಂದೂಡಿದಳು. ಕೊನೆಗೆ, ಪೂಜೆ ಶುರುವಾಗುವ ಷಷ್ಠಿಗೆ ಎರಡು ದಿನವಿರುವಾಗ ಹೋದಳು. ಶಿಬನಾಥ್ ಬಾಬು ಅವಳನ್ನು ಕೂರಿಸಲಿಲ್ಲ. ನಿಂತೇ ಎಲ್ಲ ಹೇಳಿದಳು, ತಪ್ಪು ನನ್ನದು ಎಂದಳು. ಅವರು ಪೆಂಡಾಲಿನ ಬಿದಿರುಗಳ ಕಡೆ ನೋಡಿದರು. "ಅನುಮಾನ ಬಂದಮೇಲೆ ನಾವೂ ಹಳೆಯದನ್ನೆಲ್ಲ ಕೆದಕಿದೆವು," ಎಂದರು. "ಇಪ್ಪತ್ತು ವರ್ಷದಲ್ಲಿ ಅವನು ಒಂದು ಸಲವಾದರೂ ನಮ್ಮನ್ನು ಮನೆಗೆ ಯಾಕೆ ಕರೆಯಲಿಲ್ಲ ಅಂತ ಆಗ ಹೊಳೆಯಿತು. ಅದಕ್ಕೆ ನೀವು ಉತ್ತರ ಹೇಳಲಿಲ್ಲವಲ್ಲ."

ಅವಳು ಕೈಮುಗಿದು ಹೊರಬಂದಳು. ಆದರೆ ಮೈಕು ಮರಳಿ ವೀರಭದ್ರನ ಕೈಗೆ ಬಂತೆಂದು ಎರಡು ದಿನದಲ್ಲಿ ತಿಳಿಯಿತು. ತಿಳಿಸಿದವಳು ಸುಭದ್ರಾ. ಅರ್ಜಿಯಲ್ಲಿದ್ದ ಕಚೇರಿಯ ನಂಬರಿಗೆ ಫೋನು ಮಾಡಿದ್ದಳು.

"ನೀವು ಬಂದು ಹೋದ ಮ್ಯಾಲ ಓಣಿ ಹೆಣ್ಮಕ್ಕಳು ನನಗ ಒಂದೊಂದ ಹೇಳಾಕತ್ತಾರ್ರಿ. ನಿನ್ನ ಗಂಡ ಹಾಡ್ತಾನ, ಕುಣೀತಾನ, ಎಲ್ಲಾರ್ನೂ ನಗಸ್ತಾನ ಅಂತ. ನಾ ನಂಬಿಲ್ಲ. ಅಷ್ಟಮಿ ದಿನಾ ಮುಂಜಾನೆ ನೋಡಾಕ ಹೋಗ್ತೀನಿ. ನೀವೂ ಬರ್ರಿ. ಒಬ್ಬಾಕಿಗೇ ಧೈರ್ಯ ಆಗವಲ್ದು."

"ನೀವು ಇಷ್ಟು ವರ್ಷ ಪೂಜೆಗೆ ಹೋಗಿಲ್ವಾ?"

"ಅಷ್ಟಮಿ ದಿನಾ ಪ್ರತಿ ವರ್ಷ ನಮ್ಮ ಅಣ್ಣನ ಮನಿಗೆ ಊರ ಅಂಚಿನ ಜೋಕಾಕ್ಕ ಕಳಸ್ತಿದ್ರು ನನ್ನ. ಗದ್ದಲ ಇರ್ತೈತಿ, ನೀ ಹೋಗಿ ಆರಾಮಿರು ಅಂತ." ಸುಭದ್ರಾ ದನಿ ತಗ್ಗಿಸಿದಳು. "ಅದು ನನ್ನ ಮ್ಯಾಲಿನ ಕಾಳಜಿ ಅಂತ ತಿಳಕೊಂಡಿದ್ದೆ."

ಅಷ್ಟಮಿಯ ಬೆಳಿಗ್ಗೆ ಇಬ್ಬರೂ ಪೆಂಡಾಲಿನ ಹಿಂಭಾಗದಲ್ಲಿ, ದೇವಿಗೆ ಹೂವಿನ ಅಂಜಲಿ ಅರ್ಪಿಸಲು ಉಪವಾಸವಿದ್ದು ಬಂದ ಹೆಂಗಸರ ನಡುವೆ ನಿಂತರು. ಸುಭದ್ರಾ ಇಳಕಲ್ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಮೈಕಿನಲ್ಲಿ ಬಂಗಾಳಿ ತುಂಬಿ ಹರಿಯುತ್ತಿತ್ತು. ಮೂರನೆಯ ಸರದಿಯ ಅಂಜಲಿಗೆ ಬನ್ನಿ. ಕದ್ದು ಚಹಾ ಕುಡಿದವರು ನಾಲ್ಕನೆಯ ಸರದಿಗೆ ನಿಲ್ಲಿ, ದೇವಿ ನೋಡುತ್ತಿದ್ದಾಳೆ. ನೀಲಿ ಛತ್ರಿ ಮರೆತ ಚಿಕ್ಕಮ್ಮ ಬೇಗ ಬಂದು ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಶಿಬನಾಥ್‌ದಾ ಅದನ್ನು ಮನೆಗೆ ಒಯ್ಯುತ್ತಾರೆ. ಪ್ರತಿ ಮಾತಿಗೂ ಜನ ಘೊಳ್ಳೆಂದು ನಗುತ್ತಿದ್ದರು. ವೇದಿಕೆಯ ಅಂಚಿನಲ್ಲಿ ಕೆಂಪು ಕುರ್ತಾ ತೊಟ್ಟು, ಒಂದು ಕಾಲನ್ನು ಪೆಟ್ಟಿಗೆಯ ಮೇಲಿಟ್ಟು ನಿಂತಿದ್ದವನು ವೀರಭದ್ರ.

"ಇವರss?" ಎಂದಳು ಸುಭದ್ರಾ. ಕಣ್ಣು ಕಿರಿದು ಮಾಡಿ ನೋಡಿದಳು. "ಇವರss ಹೌದು. ಕುರ್ತಾ ಎಲ್ಲಿಂದ ಬಂತು?"

ಇಂದುಮತಿ ಅವಳ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಸಂತೋಷ ಕಾಣಲಿಲ್ಲ. ಗಂಡನನ್ನು ಬೇರೊಬ್ಬಳ ಮನೆಯ ಬಾಗಿಲಲ್ಲಿ ಕಂಡ ಹೆಂಗಸಿನ ಮುಖ ಹಾಗಿರುತ್ತದೇನೋ.

ಅಷ್ಟರಲ್ಲಿ ವೀರಭದ್ರನ ಕಣ್ಣು ಗುಂಪಿನ ಮೇಲೆ ಹಾದುಬಂದು ಆ ಇಳಕಲ್ ಸೀರೆಯ ಮೇಲೆ ನಿಂತಿತು. ಮಾತು ಅರ್ಧಕ್ಕೆ ಕಡಿಯಿತು. ಪೆಟ್ಟಿಗೆಯ ಮೇಲಿದ್ದ ಕಾಲು ಕೆಳಗಿಳಿಯಿತು. ಮೈಕಿನಲ್ಲಿ ಬರೀ ಉಸಿರು ಕೇಳಿಸಿತು.

"ಕೀ ಹೋಲೋ, ಭೊದ್ರೊದಾ?" ಏನಾಯಿತೆಂದು ಯಾರೋ ಕೂಗಿದರು.

"ಯಾಕ ಬಂದಿ?" ಎಂದಿತು ಮೈಕು, ಸಣ್ಣ ದನಿಯಲ್ಲಿ, ಕನ್ನಡದಲ್ಲಿ. ಅರ್ಥವಾಗದ ಜನ ಅದೂ ಒಂದು ತಮಾಷೆಯೆಂದು ನಕ್ಕರು.

ಸುಭದ್ರಾ ಸೆರಗು ಹಿಂದಕ್ಕೆ ಸರಿಸಿ ನಾಲ್ಕು ಹೆಜ್ಜೆ ಮುಂದೆ ಹೋದಳು. "ನೀವು ಮಾತಾಡ್ರಿ. ನಾ ಕೇಳಾಕ ಬಂದೀನಿ."

ಆತ ಮೈಕನ್ನು ಎದೆಯವರೆಗೆ ಇಳಿಸಿದ. ಶಿಬನಾಥ್ ಬಾಬು ಬಂದು ಮೈಕನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡರು. ಆಮೇಲೆ ಸುಭದ್ರೆಯ ಕಡೆ ನೋಡಿ, ಯಾರೆಂದು ಊಹಿಸಿ, ಕೈಮುಗಿದು "ಬೌದಿ, ಬನ್ನಿ" ಎಂದು ಅತ್ತಿಗೆಯಂತೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು.

ಹಿಂದಿರುಗುವಾಗ ಸುಭದ್ರಾ ಇಂದುಮತಿಯ ಜೊತೆ ಟ್ರಾಮ್ ರಸ್ತೆಯವರೆಗೆ ಬಂದಳು. "ನಮ್ಮ ಮಾವನವರು ಸಾಲಿ ಮಾಸ್ತರು ಇದ್ರು," ಎಂದಳು ಕೇಳದೆಯೇ. "ಮನ್ಯಾಗ ಅವರೊಬ್ಬರss ಮಾತಾಡಬೇಕು. ಮಕ್ಕಳು ನಕ್ಕರ ಛಡಿ ಏಟು. ಇವರು ಹತ್ತೊಂಬತ್ತನೇ ವರ್ಷಕ್ಕ ಮನಿ ಬಿಟ್ಟು ಬಂದ್ರಂತ. ಮದುವಿ ಆದ ಹೊಸದಾಗ ಒಮ್ಮೆ ಹೇಳಿದ್ರು, ಕನ್ನಡದಾಗ ಬಾಯಿ ತೆಗದ್ರ ಅಪ್ಪ ಹಿಂದ ನಿಂತಂಗ ಆಗ್ತೈತಿ ಅಂತ. ನಾ ಅವಾಗ ಲಕ್ಷ್ಯ ಕೊಡಲಿಲ್ಲ."

"ಹಾಗಾದ್ರೆ ನಿಮ್ಮ ಮೇಲಿನ ಬೇಸರ ಅಲ್ಲ ಅದು," ಎಂದಳು ಇಂದುಮತಿ, ಸಮಾಧಾನಕ್ಕೆ.

"ಅಲ್ಲ ಅಂತ ನಿಮಗ ಹೆಂಗ ಗೊತ್ತು?" ಸುಭದ್ರಾ ತಿರುಗಿ ನಿಂತಳು. "ನೀವು ಎರಡು ಕಾಗದ ನೋಡಿ ಇಬ್ಬರು ಅಂದ್ರಿ. ಮೂರನೇದು ನೋಡಿ ಒಬ್ಬರss ಅಂದ್ರಿ. ನಾ ಯಾವುದು ನಂಬಲಿ? ನಗೋ ಮನುಷ್ಯ ಊರಿಗೆಲ್ಲ ಸಿಕ್ಕಾನ, ನನಗ ಸಿಕ್ಕಿಲ್ಲ. ಅಷ್ಟss ನನಗ ಗೊತ್ತಿರೋದು."

ಚಳಿಗಾಲ ಬರುವ ಹೊತ್ತಿಗೆ ವೀರಭದ್ರನಿಗೆ ಹೌರಾದ ಒಂದು ಸಾರಿಗೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಲಾರಿಗಳ ಲೆಕ್ಕಾಚಾರ, ಹಿಂದಿಯ ಮಾತು. ಅಲ್ಲಿ ಯಾರೂ ಪ್ರಶ್ನೆಪತ್ರಿಕೆ ಕೊಡಲಿಲ್ಲ. ಇಂದುಮತಿ ಮರುವರ್ಷ ಆ ಸಂಸ್ಥೆಯನ್ನು ಬಿಟ್ಟು ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು. ಸಂಶಯ ಅವಳನ್ನು ಪೂರ್ತಿ ಬಿಡಲಿಲ್ಲ. ಆದರೆ ಒಬ್ಬರ ಬಗ್ಗೆ ಇನ್ನೊಬ್ಬರಲ್ಲಿ ಕೇಳುವ ಮುಂಚೆ ಅವಳು ಎರಡು ಸಲ ಯೋಚಿಸುತ್ತಿದ್ದಳು.

ಸುಭದ್ರಾ ಆಗಾಗ ಇಂದುಮತಿಯ ಮನೆಗೆ ಫೋನು ಮಾಡುತ್ತಿದ್ದಳು. ಜನವರಿಯ ಒಂದು ಭಾನುವಾರ ಮಾಡಿದಾಗ ಅವಳ ದನಿಯಲ್ಲಿ ಏನೋ ಗೊಂದಲವಿತ್ತು.

"ನಿನ್ನೆ ಇವರು ಅಡಿಗಿ ಮನ್ಯಾಗ ಬಂದು ನಿಂತ್ರು. ನಾ ಮೀನು ಮಾರೋ ಹೆಂಗಸಿನ ಜೋಡಿ ಕಿಡಕಿಯೊಳಗಿಂದ ಬಂಗಾಲಿಯೊಳಗ ಜಗಳಾ ಮಾಡಾಕತ್ತಿದ್ದೆ, ನಮ್ಮ ಬಾಗಿಲದಾಗ ಬುಟ್ಟಿ ಇಡಬ್ಯಾಡ ಅಂತ. ಆಕಿ ಹೋದಳು. ಇವರು ನನ್ನss ನೋಡ್ಕೋತ ಬಂಗಾಲಿಯೊಳಗ ಅಂದ್ರು, ಇಷ್ಟು ಜೋರು ಬಾಯಿ ನಿನಗ ಯಾವಾಗ ಬಂತು ಅಂತ. ನಾನೂ ಬಂಗಾಲಿಯೊಳಗss ಉತ್ತರಾ ಕೊಟ್ಟೆ."

"ಆಮೇಲೆ?"

"ನಕ್ಕರು. ನಾನೂ ನಕ್ಕೆ. ಒಂದು ತಾಸು ಕುಂತು ಮಾತಾಡಿದಿವಿ, ಬಂಗಾಲಿಯೊಳಗ. ಊಟಕ್ಕ ಕನ್ನಡದಾಗ ಕರದೆ, ಮತ್ತ ಮೊದಲಿನಂಗ ಸುಮ್ಮನಾದ್ರು." ಆಚೆ ತುದಿಯಲ್ಲಿ ಪಾತ್ರೆ ಸರಿದ ಸದ್ದು. "ಇವತ್ತೂ ಬಂಗಾಲಿಯೊಳಗss ಕರೀಲೇನು ಅಂತ ವಿಚಾರ ಮಾಡಾಕತ್ತೀನಿ. ಆದ್ರ ಒಂದು ಸಂಶಯ ಐತ್ರಿ ನನಗ. ನಿನ್ನೆ ಅವರು ನಕ್ಕಿದ್ದು ನನ್ನ ಜೋಡಿನೋ, ಬಂಗಾಲಿ ಮಾತಾಡೋ ಆ ಜಗಳಗಂಟಿ ಜೋಡಿನೋ?"

ಇಂದುಮತಿ ಉತ್ತರಿಸುವ ಮುಂಚೆಯೇ ಸುಭದ್ರಾ, "ಇರ್ರಿ, ಇವರು ಬಂದ್ರು ನೋಡ್ರಿ," ಎಂದಳು. ಆಮೇಲೆ ಗಟ್ಟಿ ದನಿಯಲ್ಲಿ, ಇಂದುಮತಿ ಅವಳ ಬಾಯಿಂದ ಎಂದೂ ಕೇಳಿರದ ಬಂಗಾಳಿಯಲ್ಲಿ, ಚಹಾ ಬೇಕೇ ಎಂದು ಯಾರನ್ನೋ ಕೇಳಿ ಫೋನು ಇಟ್ಟಳು.